ಕೋಪವನ್ನು ಎಣಿಸಿದ ಪುಸ್ತಕ: ತಲೆಗೆ ಬಿದ್ದ ಪೆಟ್ಟು, ಆಕ್ರಮಣಶೀಲತೆ ಮತ್ತು ಪ್ರೊಪ್ರನೊಲಾಲ್ ಕುರಿತ ಒಂದು ಪ್ರಕರಣ

ಕಳೆದ ವರ್ಷದ ಫೆಬ್ರವರಿಯಲ್ಲಿ ಬೆಂಗಳೂರಿನ ಲಗ್ಗೆರೆಯಿಂದ ಒಂದು ಕುಟುಂಬ ಮಲ್ಲೇಶ್ವರದ ನನ್ನ ಚಿಕಿತ್ಸಾಲಯಕ್ಕೆ ಬಂದಿತು. ಗಂಡ, ಹೆಂಡತಿ ಮತ್ತು ಹೆಂಡತಿಯ ತಮ್ಮ. ಗಂಡನಿಗೆ 41 ವರ್ಷ. ಪೀಣ್ಯದ ಸಣ್ಣ ವರ್ಕ್‌ಶಾಪ್ ಒಂದರಲ್ಲಿ 18 ವರ್ಷ ಲೇತ್ ಯಂತ್ರ ನಡೆಸಿದವರು. ಹೆಂಡತಿ ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಕೆಲಸ ಮಾಡುತ್ತಾರೆ. ಮನೆಯಲ್ಲಿ ಅತ್ತೆ, ಅಂದರೆ ಗಂಡನ ತಾಯಿ ಇದ್ದಾರೆ, ಆಗ ಒಂಬತ್ತನೆಯ ತರಗತಿಯಲ್ಲಿದ್ದ ಮಗಳಿದ್ದಾಳೆ. ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿ, ಗಂಡ ಹೆಂಡತಿ ಇಬ್ಬರ ಒಪ್ಪಿಗೆಯನ್ನೂ ಪಡೆದು ಇದನ್ನು ಬರೆಯುತ್ತಿದ್ದೇನೆ. ಹೆಂಡತಿ ಅವರನ್ನು ಯಜಮಾನರು ಎನ್ನುತ್ತಿದ್ದರು. ನಾನೂ ಇಲ್ಲಿ ಹಾಗೆಯೇ ಕರೆಯುತ್ತೇನೆ.

ಹೆಂಡತಿ ಮೊದಲು ಮಾತೇ ಆಡಲಿಲ್ಲ. ಸೆರಗು ಸರಿಸಿ ಎಡಗೈ ಮಣಿಕಟ್ಟಿನ ಮೇಲಿದ್ದ ಎರಡು ಹೊಲಿಗೆಯ ಗುರುತನ್ನು ತೋರಿಸಿದರು. ಹಿಂದಿನ ವಾರ ಯಜಮಾನರು ಕೈ ತಿರುಚಿದಾಗ ಗಾಜಿನ ಬಳೆ ಒಡೆದು ಒಳಗೆ ಚುಚ್ಚಿಕೊಂಡಿತ್ತು. "ಹದಿನೇಳು ವರ್ಷದ ಸಂಸಾರ ಮೇಡಂ, ಒಂದು ದಿನವೂ ಕೈ ಎತ್ತಿದವರಲ್ಲ" ಎಂದರು. ಯಜಮಾನರು ಪಕ್ಕದ ಕುರ್ಚಿಯಲ್ಲಿ ತಲೆ ತಗ್ಗಿಸಿ ಕೂತಿದ್ದರು. ಬಾಯಿಯ ಅಂಚಿನಲ್ಲಿ ಜೊಲ್ಲು. ಎರಡೂ ತೊಡೆಗಳು ಬಿಡುವಿಲ್ಲದೆ ಅಲುಗುತ್ತಿದ್ದವು.

ಅದಕ್ಕೆ ಎಂಟು ತಿಂಗಳ ಹಿಂದೆ, ಜೂನ್ ತಿಂಗಳ ಮಳೆಯ ರಾತ್ರಿಯಲ್ಲಿ, ಎರಡನೆಯ ಪಾಳಿ ಮುಗಿಸಿ ಬರುವಾಗ ಹೊರವರ್ತುಲ ರಸ್ತೆಯಲ್ಲಿ ಅವರ ಬೈಕ್ ಜಾರಿತ್ತು. ಹೆಲ್ಮೆಟ್ ಮೊಣಕೈಯಲ್ಲಿ ನೇತಾಡುತ್ತಿತ್ತು. ಆಸ್ಪತ್ರೆ ತಲುಪಿದಾಗ, ಪ್ರಜ್ಞೆ ಎಷ್ಟಿದೆ ಎಂದು ಅಳೆಯುವ ಗ್ಲಾಸ್ಗೊ ಕೋಮಾ ಮಾಪನದಲ್ಲಿ 15ಕ್ಕೆ 9. ಸಿ.ಟಿ. ಸ್ಕ್ಯಾನ್‌ನಲ್ಲಿ ಹಣೆಯ ಹಿಂಭಾಗದ ಮೆದುಳು ಎರಡೂ ಬದಿಯಲ್ಲಿ, ಕಣ್ಣುಗುಡ್ಡೆಗಳ ಮೇಲಿನ ಮೂಳೆಗೆ ತಾಗುವ ಜಾಗದಲ್ಲಿ, ಜಜ್ಜಿ ರಕ್ತ ಕಟ್ಟಿತ್ತು. ಶಸ್ತ್ರಚಿಕಿತ್ಸೆ ಬೇಕಾಗಲಿಲ್ಲ. 19 ದಿನಗಳ ನಂತರ ಯಜಮಾನರು ತಮ್ಮ ಕಾಲ ಮೇಲೆಯೇ ನಡೆದು ಮನೆ ಮೆಟ್ಟಿಲು ಹತ್ತಿದರು. ದೇವರು ದೊಡ್ಡವನು ಎಂದು ಬೀದಿಯವರೆಲ್ಲ ಹೇಳಿದರು.

ಮನೆಗೆ ಬಂದ ಮೇಲೆ

ಕೈಕಾಲು ಸರಿಯಿತ್ತು, ಮಾತು ಸರಿಯಿತ್ತು, ಊರಿನವರ ಹೆಸರುಗಳೆಲ್ಲ ನೆನಪಿದ್ದವು. ಆದ್ದರಿಂದಲೇ ಒಳಗೆ ಏನೋ ಮುರಿದಿದೆ ಎಂಬುದು ಯಾರಿಗೂ ಹೊಳೆಯಲಿಲ್ಲ. ಕುಕ್ಕರ್ ಕೂಗಿದರೆ ಸಿಡುಕು. ಮಿಕ್ಸಿ ತಿರುಗಿದರೆ ಕೂಗಾಟ. ಸಂಜೆ ಏಳರ ಹೊತ್ತಿಗೆ ಟೀವಿ, ಮಗಳ ಓದು, ಬೀದಿಯ ಹಾರ್ನ್ ಎಲ್ಲ ಸೇರಿದಾಗ ಕಣ್ಣು ಕೆಂಪಾಗಿ, ಕೈಗೆ ಸಿಕ್ಕಿದ್ದು ಗೋಡೆಗೆ ಹೋಗುತ್ತಿತ್ತು. ವರ್ಕ್‌ಶಾಪ್‌ಗೆ ಮರಳಿದ ಎರಡನೆಯ ವಾರ, ಅಳತೆ ತಪ್ಪಿದೆ ಎಂದ ಹುಡುಗನನ್ನು ತಿರುಗುತ್ತಿದ್ದ ಯಂತ್ರದ ಪಕ್ಕದಲ್ಲೇ ತಳ್ಳಿಬಿಟ್ಟರು. ಅನಾಹುತ ಒಂದು ಗೇಣಿನಲ್ಲಿ ತಪ್ಪಿತು. ಮಾಲೀಕರು ಕೆಲವು ತಿಂಗಳು ವಿಶ್ರಾಂತಿ ತೆಗೆದುಕೊಳ್ಳಿ ಎಂದು ಕಳುಹಿಸಿದರು.

ಅತ್ತೆ ಗಾಳಿ ಸೋಕಿದೆ ಎಂದರು. ಕುಣಿಗಲ್ ಕಡೆಯ ಅವರ ಊರಿನಲ್ಲಿ ತಾಯತ ಕಟ್ಟಿಸಿಕೊಂಡು ಬಂದರು. ನಂತರ ಒಬ್ಬ ವೈದ್ಯರು ತೀವ್ರ ಮಾನಸಿಕ ಕಾಯಿಲೆಗೆ ಕೊಡುವ ಹ್ಯಾಲೊಪೆರಿಡಾಲ್ ಮಾತ್ರೆಯನ್ನು ದಿನಕ್ಕೆ 10 ಮಿಲಿಗ್ರಾಂ ಬರೆದುಕೊಟ್ಟರು. ಯಜಮಾನರು ಹಗಲೆಲ್ಲ ಮಲಗಿದರು, ಮೈ ಬಿಗಿಯಿತು, ಜೊಲ್ಲು ಸುರಿಯತೊಡಗಿತು. ಎಚ್ಚರವಿದ್ದ ಹೊತ್ತಿನಲ್ಲಿ ಮಾತ್ರ ಸಿಟ್ಟು ಹಾಗೆಯೇ ಇತ್ತು. ಬಳೆ ಒಡೆದದ್ದು ಈ ಮಾತ್ರೆ ನಡೆಯುತ್ತಿದ್ದಾಗಲೇ.

ಆ ದಿನ ನಾನು ಹೆಂಡತಿಯನ್ನು ಒಬ್ಬರೇ ಕೂರಿಸಿಕೊಂಡು ತುಂಬಾ ಹೊತ್ತು ಮಾತನಾಡಿದೆ. ಹೊಡೆತ ಯಾವಾಗ ಬೀಳುತ್ತದೆ, ಮುನ್ಸೂಚನೆ ಇರುತ್ತದೆಯೇ, ಆಮೇಲೆ ಏನಾಗುತ್ತದೆ ಎಂದು ಕೇಳಿದೆ. ಉತ್ತರಗಳು ಸ್ಪಷ್ಟವಾಗಿದ್ದವು. ಸಿಟ್ಟು ಬೆಂಕಿಕಡ್ಡಿ ಗೀರಿದಂತೆ ಬರುತ್ತದೆ. ಸಣ್ಣ ಕಾರಣ ಇದ್ದೇ ಇರುತ್ತದೆ, ಆದರೆ ಸಿಟ್ಟಿಗೂ ಕಾರಣಕ್ಕೂ ಅಳತೆಯೇ ಇರುವುದಿಲ್ಲ. ಏನನ್ನಾದರೂ ಸಾಧಿಸಿಕೊಳ್ಳಲು, ಹಣ ಕಸಿಯಲು, ಹೆದರಿಸಿ ಇಟ್ಟುಕೊಳ್ಳಲು ಬರುವ ಸಿಟ್ಟಲ್ಲ. ಹತ್ತು ನಿಮಿಷದಲ್ಲಿ ಇಳಿಯುತ್ತದೆ. "ಆಮೇಲೆ ದೇವರ ಕೋಣೆಯ ಮುಂದೆ ಕೂತು ಅಳುತ್ತಾರೆ. ನನ್ನ ಕೈ ಹಿಡಿದುಕೊಂಡು, ಯಾರು ಹೀಗೆ ಮಾಡಿದ್ದು ಎಂದು ನನ್ನನ್ನೇ ಕೇಳುತ್ತಾರೆ." ಮೆದುಳಿನ ಗಾಯದಿಂದ ಬರುವ ಸಿಟ್ಟಿನ ಗುರುತುಗಳೇ ಇವು. ಹಾಗೆಂದು ಹೆಂಡತಿಗೆ ಬೀಳುವ ಪೆಟ್ಟು ಹಗುರವಾಗುವುದಿಲ್ಲ. ಆದ್ದರಿಂದ ಔಷಧದ ಮಾತಿಗೆ ಮುಂಚೆ ಅವರ ಮತ್ತು ಮಗಳ ರಕ್ಷಣೆಯ ಮಾತಾಯಿತು. ಕೆಳಗಿನ ಮನೆಯವರ ಬಳಿ ಒಂದು ಬೀಗದ ಕೈ ಇರಬೇಕು. ಚಾಕು, ಈಳಿಗೆಮಣೆ ಕಣ್ಣಿಗೆ ಬೀಳುವ ಜಾಗದಲ್ಲಿ ಇರಬಾರದು. ಸಿಟ್ಟು ಏರಿದಾಗ ವಾದಿಸದೆ ಮಗಳನ್ನು ಕರೆದುಕೊಂಡು ಕೆಳಗಿಳಿಯಬೇಕು. ಅಗತ್ಯ ಬಿದ್ದರೆ 112ಕ್ಕೆ ಕರೆ ಮಾಡಲು ಹಿಂಜರಿಯಬಾರದು. "ನೆರೆಯವರು ಏನೆಂದುಕೊಳ್ಳುತ್ತಾರೆ" ಎಂಬ ಅವರ ಪ್ರಶ್ನೆಗೆ ನಾನು ಕಟುವಾಗಿಯೇ ಉತ್ತರಿಸಿದೆ. ಇನ್ನೊಂದು ಹೊಲಿಗೆ ಬೀಳುವುದನ್ನು ಕಾಯುವುದಕ್ಕಿಂತ ನೆರೆಯವರ ಮಾತು ಕೇಳುವುದು ಮೇಲು.

ಇನ್ನೊಂದು ವಿಷಯ ಮಾತಿನ ನಡುವೆ ತಾನಾಗಿ ಹೊರಬಂತು. ಸಿಟ್ಟುಗಳಲ್ಲಿ ಹೆಚ್ಚಿನವು ಊಟದ ತಟ್ಟೆಯ ಮುಂದೆ. ಸಾರು ಚೆನ್ನಾಗಿಲ್ಲ, ನನಗೆ ಬೇಕೆಂದೇ ಸಪ್ಪೆ ಅಡುಗೆ ಮಾಡುತ್ತೀಯ ಎಂಬ ಜಗಳ. ನಾನು ಕಾಫಿಪುಡಿಯ ಡಬ್ಬಿಯನ್ನು ಯಜಮಾನರ ಮೂಗಿನ ಬಳಿ ಹಿಡಿದೆ. ಕಣ್ಣು ಮುಚ್ಚಿಕೊಂಡು ಮೂಸಿದವರು, ಏನೂ ಇಲ್ಲವಲ್ಲ ಎಂದರು. ಅವರಿಗೆ ವಾಸನೆಯೇ ತಿಳಿಯುತ್ತಿರಲಿಲ್ಲ. ಪೆಟ್ಟು ಬಿದ್ದ ಜಾಗದ ಕೆಳಗೇ ವಾಸನೆಯ ನರಗಳು ಹಾದುಹೋಗುತ್ತವೆ. ತಲೆ ರಭಸವಾಗಿ ಅಪ್ಪಳಿಸಿದಾಗ ಆ ಎಳೆಗಳು ಹರಿದುಹೋಗುತ್ತವೆ. ಎಂಟು ತಿಂಗಳು ಈ ಮನೆಯಲ್ಲಿ ಒಗ್ಗರಣೆಯ ಘಮ ಒಬ್ಬರಿಗೆ ಬರುತ್ತಲೇ ಇರಲಿಲ್ಲ, ಅದನ್ನು ಯಾರೂ ಕೇಳಿರಲೂ ಇಲ್ಲ. ಇದನ್ನು ವಿವರಿಸಿದಾಗ ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಯಜಮಾನರು ಮೊದಲ ಬಾರಿ ತಲೆ ಎತ್ತಿ ಅವರನ್ನು ನೋಡಿದರು.

ಎಣಿಕೆ

ಮೊದಲ ಎರಡು ವಾರ ನಾನು ಯಾವ ಮಾತ್ರೆಯನ್ನೂ ಬದಲಿಸಲಿಲ್ಲ. ಒಂದು ನೂರು ಪುಟದ ನೋಟ್‌ಬುಕ್ ತರಿಸಿ ಪ್ರತಿ ಪುಟಕ್ಕೂ ನಾಲ್ಕು ಅಂಕಣ ಹಾಕಲು ಹೇಳಿದೆ: ಬೈಗುಳ, ವಸ್ತುಗಳ ಮೇಲೆ, ತನ್ನ ಮೇಲೆ, ಇನ್ನೊಬ್ಬರ ಮೇಲೆ. ಗೆರೆ ಎಳೆದದ್ದು ಮಗಳು. ಈ ನಾಲ್ಕು ವಿಂಗಡಣೆ ನನ್ನದಲ್ಲ. 1986ರಲ್ಲಿ ಯುಡೊಫ್‌ಸ್ಕಿ ಮತ್ತು ಸಹೋದ್ಯೋಗಿಗಳು ಪ್ರಕಟಿಸಿದ, ಬಹಿರಂಗ ಆಕ್ರಮಣಶೀಲತೆಯ ಮಾಪನದಿಂದ ತೆಗೆದುಕೊಂಡದ್ದು. ಆ ಮಾಪನದ ದೊಡ್ಡ ಗುಣವೆಂದರೆ ಕಂಡದ್ದನ್ನು ಮಾತ್ರ ಬರೆಯುವುದು. ಸ್ವಭಾವ ಕೆಟ್ಟಿತು, ಬಹಳ ಸಿಟ್ಟು ಎಂಬ ಮಾತುಗಳಿಗೆ ಅಲ್ಲಿ ಜಾಗವಿಲ್ಲ. ಸಿಟ್ಟಿನ ಜೊತೆ ಬದುಕುವವರ ನೆನಪು ಕೊನೆಯ ಪೆಟ್ಟಿಗೆ ಅಂಟಿಕೊಂಡಿರುತ್ತದೆ. ಒಂದು ಒಳ್ಳೆಯ ವಾರದ ಕೊನೆಗೆ ಒಂದು ಕೆಟ್ಟ ರಾತ್ರಿ ಬಂದರೆ ಇಡೀ ವಾರ ಕೆಟ್ಟದ್ದಾಗುತ್ತದೆ. ಆ ನೆನಪನ್ನು ನಂಬಿ ಮಾತ್ರೆ ಏರಿಸುವ ಇಳಿಸುವ ವೈದ್ಯರು ಕತ್ತಲಲ್ಲಿ ನಡೆಯುತ್ತಾರೆ. ನಾನೂ ಹಲವು ವರ್ಷ ಹಾಗೆ ನಡೆದಿದ್ದೇನೆ.

ಎರಡು ವಾರದ ಲೆಕ್ಕ: ಒಟ್ಟು 23. ಬೈಗುಳ 14, ವಸ್ತುಗಳ ಮೇಲೆ 6, ತನ್ನ ಮೇಲೆ 1, ಇನ್ನೊಬ್ಬರ ಮೇಲೆ 2. ತನ್ನ ಮೇಲಿನ ಆ ಒಂದು, ಹಣೆಯನ್ನು ಬಾಗಿಲಿಗೆ ಚಚ್ಚಿಕೊಂಡದ್ದು.

ಯಜಮಾನರ ಮಾತ್ರೆಗಳ ಚೀಲದಲ್ಲಿ ಲೆವೆಟಿರಾಸೆಟಮ್ ಇತ್ತು. ಅಪಘಾತದ ಮೊದಲ ದಿನ, ಫಿಟ್ಸ್ ಬಾರದಿರಲೆಂದು ಶುರು ಮಾಡಿದ ಮಾತ್ರೆ. ಅವರಿಗೆ ಒಮ್ಮೆಯೂ ಫಿಟ್ಸ್ ಬಂದಿರಲಿಲ್ಲ, ಮಾತ್ರೆ ಮಾತ್ರ ಎಂಟು ತಿಂಗಳಿನಿಂದ ನಡೆಯುತ್ತಲೇ ಇತ್ತು. ತಲೆಪೆಟ್ಟಿನ ನಂತರ ಇಂಥ ಮುನ್ನೆಚ್ಚರಿಕೆಯ ಔಷಧಕ್ಕೆ ಆಧಾರವಿರುವುದು ಮೊದಲ ಏಳು ದಿನಗಳ ಮಟ್ಟಿಗೆ. ಲೆವೆಟಿರಾಸೆಟಮ್‌ನ ತಿಳಿದ ಅಡ್ಡಪರಿಣಾಮಗಳಲ್ಲಿ ಸಿಡುಕು ಮತ್ತು ಆಕ್ರಮಣಶೀಲತೆಯೂ ಸೇರಿವೆ. ಒಳ್ಳೆಯ ಔಷಧವೇ ಅದು, ಎಷ್ಟೋ ಜನರ ಬದುಕು ಅದರಿಂದ ನಿಂತಿದೆ. ಆದರೆ ಇಲ್ಲಿ ಉರಿಯುವ ಒಲೆಗೆ ಸೀಮೆಎಣ್ಣೆ ಹೊಯ್ದಂತಾಗಿತ್ತೇನೋ. ನರಶಸ್ತ್ರಚಿಕಿತ್ಸಕರೊಡನೆ ಮಾತನಾಡಿ, ಮೆದುಳಿನ ವಿದ್ಯುತ್ ಚಟುವಟಿಕೆ ನೋಡುವ ಇಇಜಿ ಮಾಡಿಸಿ, ಮಾರ್ಚ್‌ನಲ್ಲಿ ಮೂರು ವಾರ ತೆಗೆದುಕೊಂಡು ಅದನ್ನು ನಿಧಾನವಾಗಿ ನಿಲ್ಲಿಸಿದೆವು.

ಹ್ಯಾಲೊಪೆರಿಡಾಲ್ ಅನ್ನೂ ಇಳಿಸುತ್ತಾ ಬಂದೆ. ಮೊದಲ ದಿನ ಕಂಡ ತೊಡೆಯ ಅಲುಗಾಟ ಆ ಮಾತ್ರೆ ತಂದ ಅಕಥಿಸಿಯಾ. ಕೂತಲ್ಲಿ ಕೂರಲಾಗದ, ನಿಂತಲ್ಲಿ ನಿಲ್ಲಲಾಗದ ಒಳಗಿನ ಚಡಪಡಿಕೆ. ಅದನ್ನು ಅನುಭವಿಸುವ ಮನುಷ್ಯ ಸಿಟ್ಟಾಗದಿದ್ದರೆ ಆಶ್ಚರ್ಯ. ಜೊತೆಗೆ, ಪೆಟ್ಟು ತಿಂದ ಮೆದುಳಿನ ಚೇತರಿಕೆಯನ್ನು ಈ ಔಷಧ ನಿಧಾನಗೊಳಿಸುತ್ತದೆ ಎಂದು ಪ್ರಾಣಿಗಳ ಮೇಲಿನ ಪ್ರಯೋಗಗಳು ತೋರಿಸಿವೆ. ಏಪ್ರಿಲ್ ನಡುವಿಗೆ ಅದೂ ನಿಂತಿತು. ಜೊಲ್ಲು ನಿಂತಿತು, ತೊಡೆ ಶಾಂತವಾಯಿತು.

ಏಪ್ರಿಲ್ ಕೊನೆಯಲ್ಲಿ ಮತ್ತೆ ಎರಡು ವಾರದ ಎಣಿಕೆ: ಒಟ್ಟು 17. ಬೈಗುಳ 12, ವಸ್ತುಗಳ ಮೇಲೆ 4, ಇನ್ನೊಬ್ಬರ ಮೇಲೆ 1. ಎರಡು ಮಾತ್ರೆ ತೆಗೆದು, ಮಿಕ್ಸಿಯನ್ನು ಯಜಮಾನರು ಮಹಡಿಯ ಮೇಲಿರುವ ಬೆಳಗಿನ ಹೊತ್ತಿಗೆ ಬದಲಿಸಿ, ಊಟದ ಜಗಳದ ಗುಟ್ಟು ತಿಳಿಸಿ ಇಷ್ಟು ಇಳಿದಿತ್ತು. ಇದು ಸಣ್ಣ ಲಾಭವಲ್ಲ. ಆದರೆ ಆ ಕೊನೆಯ ಅಂಕಣದ 1 ಎಂದರೆ, ಅಜ್ಜಿಯ ಮೇಲೆ ಎಸೆದ ಚೊಂಬು.

ಹಳೆಯ ಮಾತ್ರೆ

ಪ್ರೊಪ್ರನೊಲಾಲ್ 1960ರ ದಶಕದ ಔಷಧ. ಬ್ರಿಟನ್ನಿನ ಜೇಮ್ಸ್ ಬ್ಲ್ಯಾಕ್ ಅವರು ಎದೆನೋವಿನ ರೋಗಿಗಳ ಹೃದಯದ ಹೊರೆ ಇಳಿಸಲು ರೂಪಿಸಿದ್ದು; ಆ ಬಗೆಯ ಸಂಶೋಧನೆಗಾಗಿ ಅವರಿಗೆ 1988ರಲ್ಲಿ ನೊಬೆಲ್ ಪ್ರಶಸ್ತಿ ಬಂದಿತು. ಅಡ್ರಿನಲಿನ್ ಮತ್ತು ನಾರಡ್ರಿನಲಿನ್ ಹೋಗಿ ಕೂರುವ ಬೀಟಾ ಗ್ರಾಹಕಗಳನ್ನು ಅದು ಮುಚ್ಚುತ್ತದೆ. ಇಂಥ ಔಷಧಗಳನ್ನು ಬೀಟಾ ಬ್ಲಾಕರ್ ಎನ್ನುತ್ತಾರೆ. ರಕ್ತದೊತ್ತಡ, ಎದೆನೋವು, ಮೈಗ್ರೇನ್ ತಡೆ, ಕೈನಡುಕಕ್ಕೆ ಇಂದಿಗೂ ಕೊಡುತ್ತಾರೆ. ಸಿಟ್ಟಿಗೆ ಅಧಿಕೃತ ಒಪ್ಪಿಗೆ ಪಡೆದ ಔಷಧವಲ್ಲ.

ಸಿಟ್ಟಿನ ಕಡೆ ಅದು ಹೊರಳಿದ್ದು 1977ರಲ್ಲಿ. ಫ್ರ್ಯಾಂಕ್ ಎಲಿಯಟ್ ಎಂಬ ನರವೈದ್ಯರು, ಮೆದುಳಿಗೆ ಪೆಟ್ಟಾದ ನಂತರ ಹೊಡೆದಾಟಕ್ಕೆ ನಿಲ್ಲುತ್ತಿದ್ದ ಕೆಲವೇ ರೋಗಿಗಳಲ್ಲಿ ಪ್ರೊಪ್ರನೊಲಾಲ್ ಫಲ ಕೊಟ್ಟಿತೆಂದು ವರದಿ ಮಾಡಿದರು. 1981ರಲ್ಲಿ ಯುಡೊಫ್‌ಸ್ಕಿ ಮತ್ತು ಜೊತೆಗಾರರು ದೀರ್ಘಕಾಲದ ಮೆದುಳಿನ ಕಾಯಿಲೆಯ ನಾಲ್ವರ ಬಗ್ಗೆ ಬರೆದರು. ಇವೆಲ್ಲ ನಾನೀಗ ಬರೆಯುತ್ತಿರುವಂಥ ಪ್ರಕರಣಗಳೇ. ನಂಬಿಕೆ ಹುಟ್ಟಿಸುತ್ತವೆ, ಸಾಬೀತು ಮಾಡುವುದಿಲ್ಲ. ನನ್ನ ನಿರ್ಧಾರಕ್ಕೆ ಬಲ ಕೊಟ್ಟದ್ದು 1992ರಲ್ಲಿ ಬ್ರೂಕ್ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗ. ತೀವ್ರ ತಲೆಪೆಟ್ಟಿನಿಂದ ಉದ್ರಿಕ್ತರಾಗಿದ್ದ 21 ಜನರಲ್ಲಿ ಕೆಲವರಿಗೆ ಪ್ರೊಪ್ರನೊಲಾಲ್, ಉಳಿದವರಿಗೆ ಔಷಧವಿಲ್ಲದ ಹುಸಿಮಾತ್ರೆ. ಯಾರಿಗೆ ಯಾವುದೆಂದು ರೋಗಿಗೂ ಗೊತ್ತಿಲ್ಲ, ನೋಡಿಕೊಳ್ಳುವವರಿಗೂ ಗೊತ್ತಿಲ್ಲ. ಫಲಿತಾಂಶ ವಿಚಿತ್ರವಾಗಿತ್ತು. ಉದ್ರೇಕ ಎಷ್ಟು ಸಲ ಬಂತು ಎಂಬ ಎಣಿಕೆ ಎರಡೂ ಗುಂಪಿನಲ್ಲಿ ಹೆಚ್ಚುಕಡಿಮೆ ಅಷ್ಟೇ ಇತ್ತು; ಬಂದಾಗ ಅದರ ತೀವ್ರತೆ ಮಾತ್ರ ಔಷಧದ ಗುಂಪಿನಲ್ಲಿ ಕಡಿಮೆಯಾಗಿತ್ತು. ಅವರನ್ನು ಕಟ್ಟಿಹಾಕಬೇಕಾದ ಸಂದರ್ಭಗಳೂ ಕಡಿಮೆಯಾದವು. ಆ ಪ್ರಯೋಗದಲ್ಲಿ ದಿನಕ್ಕೆ 420 ಮಿಲಿಗ್ರಾಂವರೆಗೆ ಹೋಗಿದ್ದರು.

ಇಂಥ ಎಲ್ಲ ಪ್ರಯೋಗಗಳನ್ನು ಜರಡಿ ಹಿಡಿದ 2006ರ ಕಾಕ್ರೇನ್ ವಿಮರ್ಶೆಗೆ ನಂಬಬಹುದಾದವು ಸಿಕ್ಕಿದ್ದು ಆರು ಮಾತ್ರ. ಅವುಗಳಲ್ಲಿ ನಾಲ್ಕು ಬೀಟಾ ಬ್ಲಾಕರ್‌ಗಳವು: ಪ್ರೊಪ್ರನೊಲಾಲ್ ಮತ್ತು ಪಿಂಡೊಲಾಲ್. ಇರುವುದರಲ್ಲಿ ಉತ್ತಮ ಆಧಾರ ಇವಕ್ಕೇ ಇದೆ ಎಂದು ಆ ವಿಮರ್ಶೆ ಹೇಳಿತು. ಜೊತೆಗೆ, ರೋಗಿಗಳು ಕಡಿಮೆ, ಡೋಸ್ ಹೆಚ್ಚು, ಪ್ರಯೋಗಗಳನ್ನು ಯಾರೂ ಮತ್ತೆ ಮಾಡಿ ನೋಡಿಲ್ಲ, ದೀರ್ಘಕಾಲ ಹಿಂಬಾಲಿಸಿಲ್ಲ ಎಂದೂ ಹೇಳಿತು. ವಯಸ್ಸಾದವರ ಮರೆವಿನ ಕಾಯಿಲೆಯಲ್ಲಿ 2005ರಲ್ಲಿ ನಡೆದ ಸಣ್ಣ ಪ್ರಯೋಗವೂ ಆರಂಭದಲ್ಲಿ ಫಲ ತೋರಿಸಿ, ತಿಂಗಳುಗಳು ಕಳೆದಂತೆ ಆ ಫಲ ಮಾಸಿದ್ದನ್ನು ದಾಖಲಿಸಿದೆ. ನಾಲ್ಕು ದಶಕ ದಾಟಿದ ಒಂದು ಪ್ರಶ್ನೆ ಇನ್ನೂ ಸಣ್ಣ ಪ್ರಯೋಗಗಳಲ್ಲೇ ನಿಂತಿರುವುದು ನನಗೆ ನೋವಿನ ಸಂಗತಿ. ಪೇಟೆಂಟ್ ಮುಗಿದ, ಅಗ್ಗವಾಗಿ ಸಿಗುವ ಮಾತ್ರೆಗೆ ದೊಡ್ಡ ಪ್ರಯೋಗ ಮಾಡಿಸಿ ಲಾಭ ಕಾಣುವ ಕಂಪನಿ ಇಲ್ಲ. ಆದರೆ ದಿನವೂ ದ್ವಿಚಕ್ರ ವಾಹನದಿಂದ ಬಿದ್ದು ತಲೆ ಒಡೆದುಕೊಳ್ಳುವವರಿರುವ ನಮ್ಮ ನಗರಕ್ಕೆ ಆ ಉತ್ತರ ಬೇಕಾಗಿದೆ. ಇಲ್ಲಿಯ ದೊಡ್ಡ ಸಂಸ್ಥೆಗಳು ಕೈಹಾಕಬೇಕಾದ ಕೆಲಸ ಇದು.

ಅದು ಹೇಗೆ ಕೆಲಸ ಮಾಡುತ್ತದೆ ಎಂಬುದರಲ್ಲೂ ಒಂದು ಸೊಗಸಾದ ಒಗಟಿದೆ. ಪ್ರೊಪ್ರನೊಲಾಲ್ ಕೊಬ್ಬಿನಲ್ಲಿ ಕರಗುವ ಗುಣದಿಂದಾಗಿ ಮೆದುಳಿನ ಒಳಗೆ ಸುಲಭವಾಗಿ ಹೋಗುತ್ತದೆ. ಅಲ್ಲಿ, ಮೆದುಳಿನ ಕಾಂಡದಿಂದ ಹೊರಡುವ ನಾರಡ್ರಿನಲಿನ್ ಎಚ್ಚರಿಕೆಯ ಗಂಟೆಯನ್ನು ಅದು ಮೆತ್ತಗೆ ಮಾಡುತ್ತದೆ ಎನ್ನುವುದು ಒಂದು ವಿವರಣೆ. ಆದರೆ ನೀರಿನಲ್ಲಿ ಕರಗುವ, ಮೆದುಳಿಗೆ ಅಷ್ಟಾಗಿ ನುಗ್ಗದ ನಡೊಲಾಲ್ ಎಂಬ ಬೀಟಾ ಬ್ಲಾಕರ್ ಕೂಡ 1992ರ ಇನ್ನೊಂದು ಪ್ರಯೋಗದಲ್ಲಿ ಮಾನಸಿಕ ಆಸ್ಪತ್ರೆಯ ದೀರ್ಘಕಾಲದ ರೋಗಿಗಳ ಆಕ್ರಮಣಶೀಲತೆಯನ್ನು ತಗ್ಗಿಸಿತು. ಹಾಗಾದರೆ ಎದೆಯಿಂದಲೂ ಒಂದು ದಾರಿ ಇರಬೇಕು. ಎದೆ ಡವಡವ ಬಡಿದು, ಸ್ನಾಯುಗಳು ಬಿಗಿದು, ದೇಹ ಮೆದುಳಿಗೆ "ಅಪಾಯ" ಎಂದು ಸುದ್ದಿ ಕಳಿಸುತ್ತದೆ. ಆ ಸುದ್ದಿಯನ್ನು ನಡುದಾರಿಯಲ್ಲಿ ಕುಗ್ಗಿಸಿದರೂ ಸಿಟ್ಟು ಕುದಿಯುವುದಿಲ್ಲ.

ಯಜಮಾನರಿಗೆ ಇದನ್ನು ಬೆಳಗಿನ ಹೊತ್ತು, ಅವರು ಹಗುರವಾಗಿದ್ದಾಗ ವಿವರಿಸಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ತನ್ನ ಚಿಕಿತ್ಸೆಯ ನಿರ್ಧಾರ ಮಾಡುವ ಹಕ್ಕು ಅವರದು. ಶಾಂತವಾಗಿರುವ ಹೊತ್ತಿನಲ್ಲಿ ಆ ಸಾಮರ್ಥ್ಯವೂ ಅವರಿಗೆ ಪೂರ್ತಿ ಇತ್ತು. ನೋಡಿದ ವೈದ್ಯರೆಲ್ಲ ಇಷ್ಟು ದಿನ ಹೆಂಡತಿಗೆ, ಭಾಮೈದನಿಗೆ ಹೇಳಿ ಕಳುಹಿಸಿದ್ದರೇ ಹೊರತು ಅವರನ್ನು ಒಂದು ಮಾತು ಕೇಳಿರಲಿಲ್ಲ. ಹಣೆಯ ಹಿಂದಿನ ಮೆದುಳು ಸಿಟ್ಟನ್ನು ಹಿಡಿದು ನಿಲ್ಲಿಸುವ ಜಾಗ, ಪೆಟ್ಟು ಬಿದ್ದದ್ದು ಅಲ್ಲಿಗೇ ಎಂದೆ. ಅವರು ಸ್ವಲ್ಪ ಹೊತ್ತು ಯೋಚಿಸಿದರು. "ಅಂದರೆ ಲೇತ್‌ನ ಬ್ರೇಕ್ ಹೋಗಿದೆ. ಚಕ್ ಬೇಗ ನಿಲ್ಲುವುದಿಲ್ಲ ಎಂದು ಗೊತ್ತಿದ್ದರೆ ನಾವು ಆರ್‌ಪಿಎಂ ಇಳಿಸಿ ಕೆಲಸ ಮಾಡುತ್ತೇವೆ ಮೇಡಂ. ಈ ಮಾತ್ರೆ ಅದಕ್ಕೋ?" ಎಂದರು. ಅಂದಿನಿಂದ ನಾನು ಬೇರೆ ರೋಗಿಗಳಿಗೂ ಅವರ ಮಾತಿನಲ್ಲೇ ವಿವರಿಸುತ್ತೇನೆ.

ಕೊಡುವ ಮುನ್ನ ಉಬ್ಬಸದ ಬಗ್ಗೆ ಮೂರು ಸಲ, ಮೂರು ಜನರನ್ನು ಕೇಳಿದೆ. ಉಬ್ಬಸ ಇರುವವರಿಗೆ ಪ್ರೊಪ್ರನೊಲಾಲ್ ಪ್ರಾಣಕ್ಕೇ ಎರವಾಗಬಹುದು, ಏಕೆಂದರೆ ಶ್ವಾಸನಾಳಗಳನ್ನು ತೆರೆದಿಡುವ ಬೀಟಾ ಗ್ರಾಹಕಗಳನ್ನೂ ಅದು ಮುಚ್ಚುತ್ತದೆ. ಚಿಕ್ಕಂದಿನಲ್ಲಿ ಚಳಿಗಾಲದ ಕೆಮ್ಮು ಇತ್ತು, ಎದೆ ಕುಯ್‌ಗುಟ್ಟಿದ್ದು ನೆನಪಿಲ್ಲ ಎಂದರು ತಾಯಿ. ಆ ಮಾತಿಗೇ ಬಿಡದೆ ಉಸಿರಿನ ಪರೀಕ್ಷೆ ಮಾಡಿಸಿದೆ, ಸರಿಯಿತ್ತು. ಇಸಿಜಿಯಲ್ಲಿ ಹೃದಯ ಬಡಿತದ ಸಂಕೇತಕ್ಕೆ ತಡೆ ಇರಲಿಲ್ಲ. ಸಕ್ಕರೆ ಕಾಯಿಲೆ ಇರಲಿಲ್ಲ. ಇನ್ಸುಲಿನ್ ತೆಗೆದುಕೊಳ್ಳುವವರಲ್ಲಿ ಸಕ್ಕರೆ ಕುಸಿದಾಗ ಎದೆ ಬಡಿತದ ಎಚ್ಚರಿಕೆಯನ್ನು ಈ ಮಾತ್ರೆ ಮರೆಮಾಡುತ್ತದೆ. ನಾಡಿ 92, ರಕ್ತದೊತ್ತಡ 134/86.

20 ಮಿಲಿಗ್ರಾಂ ಒಂದು ಮಾತ್ರೆ ಚಿಕಿತ್ಸಾಲಯದಲ್ಲೇ ಕೊಟ್ಟು ಎರಡು ಗಂಟೆ ಕೂರಿಸಿ ನೋಡಿದೆ. ನಂತರ ದಿನಕ್ಕೆ ಮೂರು ಸಲ 20 ಬರೆದು ಕಳುಹಿಸಿದೆ. ನಾಲ್ಕು ದಿನ ಬಿಟ್ಟು ಫೋನ್ ಮಾಡಿದರೆ ಮಾತ್ರೆ ಶುರುವೇ ಆಗಿರಲಿಲ್ಲ. ಔಷಧ ಅಂಗಡಿಯವರು ಚೀಟಿ ನೋಡಿ, "ಇದು ಬಿಪಿ ಮಾತ್ರೆ. ಬಿಪಿ ಇಲ್ಲದವರಿಗೆ ಏಕೆ?" ಎಂದರಂತೆ. ಹೆದರಿದ ಹೆಂಡತಿ ಪೊಟ್ಟಣವನ್ನು ದೇವರ ಕೋಣೆಯಲ್ಲಿ ಇಟ್ಟುಬಿಟ್ಟಿದ್ದರು. ಅಂಗಡಿಯವರು ಕೇಳಿದ್ದು ನ್ಯಾಯವಾದ ಪ್ರಶ್ನೆ, ಉತ್ತರವನ್ನು ಚೀಟಿಯ ಮೇಲೆ ಬರೆಯದಿದ್ದದ್ದು ನನ್ನ ತಪ್ಪು. ಮರುದಿನ ಭಾಮೈದನ ಕೈಯಲ್ಲಿ ಕನ್ನಡದಲ್ಲಿ ಬರೆದ ಅರ್ಧ ಪುಟ ಕಳುಹಿಸಿದೆ. ಈಗ ಎಲ್ಲರಿಗೂ ಕೊಡುತ್ತೇನೆ.

ನಾಡಿ ನೋಡುವುದನ್ನು ಕಲಿತದ್ದು ಮಗಳು. ಬೆಳಗಿನ ಮಾತ್ರೆಗೆ ಮುಂಚೆ ಅಪ್ಪನ ಮಣಿಕಟ್ಟು ಹಿಡಿದು ಒಂದು ನಿಮಿಷ ಎಣಿಸಿ ಪುಸ್ತಕದ ಅಂಚಿನಲ್ಲಿ ಬರೆಯುತ್ತಿದ್ದಳು. 50ಕ್ಕಿಂತ ಕಡಿಮೆ ಬಂದರೆ ಮಾತ್ರೆ ಕೊಡದೆ ಫೋನ್ ಮಾಡಬೇಕು. ಮೂರನೆಯ ವಾರಕ್ಕೆ ದಿನಕ್ಕೆ 120, ಆರನೆಯ ವಾರಕ್ಕೆ 160. ಮೊದಲ ಮೂರು ವಾರ ಪುಸ್ತಕದಲ್ಲಿ ಹೇಳಿಕೊಳ್ಳುವ ಬದಲಾವಣೆ ಕಾಣಲಿಲ್ಲ, ಭಾಮೈದ ಬೇರೆ ಡಾಕ್ಟರನ್ನು ಹುಡುಕುವ ಮಾತಾಡಿದ್ದೂ ನನ್ನ ಕಿವಿಗೆ ಬಿತ್ತು. ಹೃದಯದ ಮೇಲೆ ಈ ಔಷಧ ಗಂಟೆಗಳಲ್ಲಿ ಕೆಲಸ ಮಾಡುತ್ತದೆ, ಸಿಟ್ಟಿನ ಮೇಲೆ ಮಾಡಲು ಒಮ್ಮೊಮ್ಮೆ ಎಂಟು ವಾರ ಬೇಕು. ಈ ಕಾಯುವಿಕೆಯನ್ನು ಮೊದಲೇ ಹೇಳದಿದ್ದರೆ ಯಾವ ಮನೆಯವರೂ ಕಾಯುವುದಿಲ್ಲ.

ಏಳು ಮತ್ತು ಎಂಟನೆಯ ವಾರದ ಲೆಕ್ಕ: ಒಟ್ಟು 13. ಬೈಗುಳ 12, ವಸ್ತುಗಳ ಮೇಲೆ 1. ಇನ್ನೊಬ್ಬರ ಮೇಲೆ ಸೊನ್ನೆ.

ಬೈಗುಳದ ಅಂಕಣ ಏಪ್ರಿಲ್‌ನಲ್ಲಿ ಇದ್ದಲ್ಲೇ ಇತ್ತು. ಸಿಟ್ಟು ಬರುವುದು ನಿಂತಿರಲಿಲ್ಲ, ಬಂದ ಸಿಟ್ಟು ಬಾಯಿ ದಾಟಿ ಕೈಗೆ ಇಳಿಯುತ್ತಿರಲಿಲ್ಲ. 1992ರ ಬ್ರೂಕ್ ಅವರ ಪ್ರಯೋಗದಲ್ಲಿ ಓದಿದ್ದೇ ಒಬ್ಬ ಶಾಲಾ ಹುಡುಗಿ ಗೆರೆ ಎಳೆದ ಪುಸ್ತಕದಲ್ಲಿ ನನ್ನ ಕಣ್ಣೆದುರಿಗಿತ್ತು. ಬರಿ ಒಟ್ಟು ಸಂಖ್ಯೆ ನೋಡಿದ್ದರೆ 17ರಿಂದ 13 ಎಂದು ಬೇಸರಿಸಿ ಮಾತ್ರೆ ನಿಲ್ಲಿಸುತ್ತಿದ್ದೆನೇನೋ. ಯಜಮಾನರನ್ನು ಕೇಳಿದೆ. "ಮೊದಲು ಎದೆ ಹೊಡೆದುಕೊಳ್ಳುವುದು ಶುರುವಾದರೆ ಮುಗಿಯಿತು, ನಾನು ನನ್ನ ಕೈಯಲ್ಲಿ ಇರುತ್ತಿರಲಿಲ್ಲ. ಈಗ ಎದೆ ಹೊಡೆದುಕೊಳ್ಳುವುದಿಲ್ಲ. ಬೈದುಬಿಡುತ್ತೇನೆ, ಆದರೆ ಮೆಟ್ಟಿಲು ಇಳಿಯಲು ಸಮಯ ಸಿಗುತ್ತದೆ."

ಬೈಗುಳವೂ ಇಳಿಯಲಿ ಎಂಬ ಆಸೆಯಿಂದ ಜುಲೈನಲ್ಲಿ 240ಕ್ಕೆ ಏರಿಸಿದೆ. ಅದು ಬೇಡವಾಗಿತ್ತು. ನಾಡಿ 48ಕ್ಕೆ ಇಳಿಯಿತು, ಹಾಸಿಗೆಯಿಂದ ಎದ್ದಾಗ ಕಣ್ಣು ಕತ್ತಲಿಟ್ಟು ಗೋಡೆ ಹಿಡಿದು ನಿಂತರು. ಪೆಟ್ಟು ಬಿದ್ದ ತಲೆಗೆ ಇನ್ನೊಂದು ಬೀಳುವಿಕೆ ಖಂಡಿತ ಬೇಡ. ಮರುದಿನವೇ 160ಕ್ಕೆ ಹಿಂತಿರುಗಿದೆ. ಉಳಿದ ಅಡ್ಡಪರಿಣಾಮವೆಂದರೆ ದಣಿವು, ಮತ್ತು ವಿಚಿತ್ರ ಬಣ್ಣಬಣ್ಣದ ಕನಸುಗಳು. ಬೀಟಾ ಬ್ಲಾಕರ್ ಖಿನ್ನತೆ ತರುತ್ತದೆ ಎಂಬ ಹಳೆಯ ಭಯವನ್ನು 2002ರಲ್ಲಿ ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದ ಅಧ್ಯಯನ ಬಹುಮಟ್ಟಿಗೆ ಅಲ್ಲಗಳೆಯಿತು. ಆದರೂ ಪ್ರತಿ ಭೇಟಿಯಲ್ಲಿ ಕೇಳುತ್ತೇನೆ.

ಐದು ದಿನ

ಇಷ್ಟಾದರೂ ನನಗೊಂದು ಸಂಶಯ ಉಳಿದಿತ್ತು. ಮೆದುಳು ತಿಂಗಳುಗಳ ಕಾಲ ತಾನೇ ಚೇತರಿಸಿಕೊಳ್ಳುತ್ತಿರುತ್ತದೆ. ಮಾತ್ರೆ ಇಲ್ಲದಿದ್ದರೂ ಜೂನ್ ಹೊತ್ತಿಗೆ ಈ ಇಳಿಕೆ ಆಗುತ್ತಿತ್ತೋ ಏನೋ. ಅಕಥಿಸಿಯಾಕ್ಕೂ ಪ್ರೊಪ್ರನೊಲಾಲ್ ಒಳ್ಳೆಯ ಔಷಧ, ಆದ್ದರಿಂದ ನಾನು ಸಿಟ್ಟಿಗೆ ಎಂದು ಕೊಟ್ಟದ್ದು ಹ್ಯಾಲೊಪೆರಿಡಾಲ್‌ನ ಉಳಿಕೆಯನ್ನು ತೊಳೆಯಿತೋ ಎಂಬ ಪ್ರಶ್ನೆಯೂ ಇತ್ತು. ತೊಡೆಯ ಅಲುಗಾಟ ಏಪ್ರಿಲ್‌ನಲ್ಲೇ ನಿಂತಿದ್ದರಿಂದ ಇದು ಅಷ್ಟು ಸಂಭವವಲ್ಲ, ಆದರೆ ಅಸಾಧ್ಯವೂ ಅಲ್ಲ. ಮಾತ್ರೆ ನಿಲ್ಲಿಸಿ ನೋಡಿದರೆ ತಿಳಿಯುತ್ತಿತ್ತು. ಬಳೆ ಚುಚ್ಚಿದ ಆ ಕೈ ನೋಡಿದ ಮೇಲೆ ಅಂಥ ಪರೀಕ್ಷೆ ಮಾಡಲು ನನಗೆ ಮನಸ್ಸಾಗಲಿಲ್ಲ.

ಪರೀಕ್ಷೆ ತಾನಾಗಿಯೇ ಆಯಿತು. ಗೌರಿ ಗಣೇಶ ಹಬ್ಬಕ್ಕೆ ಕುಟುಂಬ ಊರಿಗೆ ಹೋಯಿತು. ಮಾತ್ರೆಯ ಡಬ್ಬಿ ಲಗ್ಗೆರೆಯ ಅಡುಗೆಮನೆಯಲ್ಲೇ ಉಳಿಯಿತು. ಈಗ ಚೆನ್ನಾಗಿದ್ದಾರಲ್ಲ, ನಾಲ್ಕು ದಿನ ಬಿಟ್ಟರೆ ಏನಾಗುತ್ತದೆ ಎಂದು ದೊಡ್ಡವರು ಹೇಳಿದರು. ಎರಡನೆಯ ದಿನ ಯಜಮಾನರಿಗೆ ಎದೆ ಜೋರಾಗಿ ಬಡಿಯತೊಡಗಿತು, ಬೆವರು, ನಿದ್ದೆಯಿಲ್ಲ. ಐದು ದಿನದಲ್ಲಿ ಪುಸ್ತಕದಲ್ಲಿ 9 ದಾಖಲೆ: ಬೈಗುಳ 5, ವಸ್ತುಗಳ ಮೇಲೆ 3, ಇನ್ನೊಬ್ಬರ ಮೇಲೆ 1. ಪುಸ್ತಕ ಊರಿಗೆ ಹೋಗಿತ್ತು, ಮಾತ್ರೆ ಹೋಗಿರಲಿಲ್ಲ. ಕೊನೆಯ ದಿನ ಅಣ್ಣನ ಮಗನ ಕೊರಳಪಟ್ಟಿ ಹಿಡಿದು ಪಂಪ್‌ಸೆಟ್ ಗೋಡೆಗೆ ಒತ್ತಿದರು. ಭಾಮೈದ ರಾತ್ರಿ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿದಾಗ, ಮೊದಲು ಹತ್ತಿರದ ಆಸ್ಪತ್ರೆಯಲ್ಲಿ ನಾಡಿ, ರಕ್ತದೊತ್ತಡ ತೋರಿಸಿ, ಬೆಳಗ್ಗೆ ನಿಮ್ಮ ವೈದ್ಯರನ್ನು ಸಂಪರ್ಕಿಸಿ ಎಂದರಂತೆ. ನಾಡಿ 118 ಇತ್ತು.

ಈ ಔಷಧವನ್ನು ಹಠಾತ್ತನೆ ನಿಲ್ಲಿಸಬಾರದು. ತಿಂಗಳುಗಟ್ಟಲೆ ಮುಚ್ಚಿಟ್ಟ ಗ್ರಾಹಕಗಳು ಸಂಖ್ಯೆಯಲ್ಲೂ ಸೂಕ್ಷ್ಮತೆಯಲ್ಲೂ ಹೆಚ್ಚಿರುತ್ತವೆ. ಮುಚ್ಚಳ ತೆಗೆದೊಡನೆ ಅಡ್ರಿನಲಿನ್ ಇಮ್ಮಡಿ ಕೇಳಿಸುತ್ತದೆ. ಹೃದಯದ ರಕ್ತನಾಳ ಕಟ್ಟಿಕೊಂಡವರಲ್ಲಿ ಇದರಿಂದ ಹೃದಯಾಘಾತವೂ ಆಗಬಹುದು. ನಿಲ್ಲಿಸಬಾರದೆಂದು ಹೇಳಿದ್ದೆ, ಏಕೆಂದು ಸಾಕಷ್ಟು ಹೇಳಿರಲಿಲ್ಲ. ಹಾಗಾಗಿ ಆ ಐದು ದಿನದ ಸಿಟ್ಟಿನಲ್ಲಿ ಹಳೆಯ ಸಿಟ್ಟು ಎಷ್ಟು, ಮಾತ್ರೆ ತಟ್ಟನೆ ನಿಂತದ್ದರ ಹೊಡೆತ ಎಷ್ಟು ಎಂದು ಬಿಡಿಸಿ ಹೇಳಲು ಬರುವುದಿಲ್ಲ. ಮತ್ತೆ 40ರಂತೆ ಮೂರು ಸಲ ಶುರು ಮಾಡಿ ವಾರದಲ್ಲಿ 160ಕ್ಕೆ ತಂದೆವು. ಅಕ್ಟೋಬರ್ ನಡುವಿನ ಎರಡು ವಾರದ ಲೆಕ್ಕದಲ್ಲಿ ವಸ್ತುಗಳ ಅಂಕಣವೂ ಜನರ ಅಂಕಣವೂ ಖಾಲಿ. ಮಾತ್ರೆ ಇದ್ದಾಗ ಕೈ ಇಳಿಯಿತು, ಇಲ್ಲದಾಗ ಎದ್ದಿತು, ಮತ್ತೆ ಬಂದಾಗ ಇಳಿಯಿತು. ಒಬ್ಬ ಮನುಷ್ಯನ ವಿಷಯದಲ್ಲಿ ಇಷ್ಟು ಸಾಕ್ಷಿ ಸಿಗುವುದೇ ಅಪರೂಪ. ಇವರಿಗೆ ಈ ಮಾತ್ರೆಯಿಂದ ಪ್ರಯೋಜನವಿದೆ ಎಂದು ನಾನು ನಂಬುತ್ತೇನೆ. ಸಿಟ್ಟಿರುವ ಎಲ್ಲರಿಗೂ ಇದೆ ಎಂದು ಈ ಪುಸ್ತಕ ಹೇಳುವುದಿಲ್ಲ.

ಈಗ ಯಜಮಾನರು ವಾರಕ್ಕೆ ಮೂರು ದಿನ ವರ್ಕ್‌ಶಾಪ್‌ಗೆ ಹೋಗುತ್ತಾರೆ. ಯಂತ್ರದ ಮೇಲಲ್ಲ, ಅಳತೆ ಪರೀಕ್ಷಿಸುವ ಮೇಜಿನಲ್ಲಿ, ಬೆಳಗಿನ ಪಾಳಿ ಮಾತ್ರ. ವಾಸನೆ ಮರಳಿಲ್ಲ. ಉಪ್ಪಿನಕಾಯಿ, ನಿಂಬೆಹುಳಿ ಹೆಚ್ಚಿಗೆ ಹಾಕಿಕೊಂಡು ಉಣ್ಣುವುದನ್ನು ಕಲಿತಿದ್ದಾರೆ. ತಾಯತವನ್ನು ತಾಯಿ ಬಿಚ್ಚಲು ಬಿಟ್ಟಿಲ್ಲ, ನಾನೂ ಕೇಳಿಲ್ಲ.

ಮಾತ್ರೆಯನ್ನು ಎಷ್ಟು ಕಾಲ ಕೊಡಬೇಕೆಂದು ಯಾವ ಪ್ರಯೋಗವೂ ಹೇಳಿಕೊಟ್ಟಿಲ್ಲ. ಫೆಬ್ರವರಿಯಿಂದ ಎರಡು ವಾರಕ್ಕೆ 20ರಂತೆ ಇಳಿಸಿ ನೋಡೋಣ ಎಂದು ಈ ತಿಂಗಳ ಭೇಟಿಯಲ್ಲಿ ಸೂಚಿಸಿದೆ. ಯಜಮಾನರು ಒಪ್ಪಿದರು. ಹೆಂಡತಿ ಒಪ್ಪಲಿಲ್ಲ: "ಮಗಳಿಗೆ ಎಸ್‌ಎಸ್‌ಎಲ್‌ಸಿ ಪರೀಕ್ಷೆ ಮೇಡಂ. ಅದೊಂದು ಮುಗಿಯಲಿ." ಅವರ ಮಾತೇ ಸರಿ ಅನಿಸಿತು. ಪರೀಕ್ಷೆ ಮುಗಿದು ಒಂದು ವಾರ ಕಳೆದ ಮೇಲೆ ಇಳಿಸಲು ಶುರು ಮಾಡುವುದು, ಅದಕ್ಕೆ ಮುಂಚೆ ಎರಡು ವಾರ ಮತ್ತೆ ಎಣಿಸುವುದು ಎಂದು ನಿರ್ಧರಿಸಿದೆವು. ಪುಸ್ತಕದಲ್ಲಿ ಹನ್ನೊಂದು ಪುಟ ಉಳಿದಿವೆ. ಇನ್ನೊಂದು ತರಲು ಹೇಳಿದ್ದೇನೆ.